ಯಾತ್ರಿಕನ ಪ್ರಶ್ನೆ, ಪ್ರವಾಸಿಯ ನೋಟ: ಯುರೋಪಿನ ಕೈಪಿಡಿಗಳನ್ನು ಓದುವ ಬಗೆ

ಯುರೋಪಿನ ದೇಶಗಳಿಗೆ ಹೊರಡುವವರು ಕೇಳುವ ಪ್ರಶ್ನೆಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಕುಡಿಯುವ ನೀರು ಎಲ್ಲಿ ದೊರೆಯುತ್ತದೆ, ಹೊಳೆ ದಾಟಲು ಎಷ್ಟು ತೆರಬೇಕು, ರೊಟ್ಟಿಗೆ ಅಲ್ಲಿಯವರು ಏನೆನ್ನುತ್ತಾರೆ ಎಂಬುವು ಒಂದು ಬಗೆ. ನೋಡತಕ್ಕದ್ದು ಏನಿದೆ, ಅದು ಯಾವ ಶತಮಾನದ್ದು, ಕಟ್ಟಿಸಿದವರು ಯಾರು ಎಂಬುವು ಇನ್ನೊಂದು ಬಗೆ. ಮೊದಲನೆಯವು ವ್ಯವಹಾರಕ್ಕೂ ಎರಡನೆಯವು ಸಂಸ್ಕೃತಿಗೂ ಸೇರಿದವೆಂದು ತಿಳಿಯುವುದು ವಾಡಿಕೆ. ಪ್ರವಾಸ ಸಾಹಿತ್ಯದ ವಿಮರ್ಶೆಯೂ ಬಹುಮಟ್ಟಿಗೆ ಈ ವಾಡಿಕೆಯನ್ನೇ ಅನುಸರಿಸಿದೆ. ವಿಂಗಡಣೆ ಸರಿ, ಆದರೆ ಎರಡು ಬಗೆಗಳಿಗೆ ನಾವು ಕೊಟ್ಟ ಬೆಲೆ ಸರಿಯಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಒಂದು ನಾಡಿನ ಜನಜೀವನ ಮತ್ತು ಇತಿಹಾಸ ದಾಖಲಾಗುವುದು ನೋಡುವ ಕುತೂಹಲದಿಂದಲ್ಲ, ಕೇಳಲೇಬೇಕಾದ ಅಗತ್ಯದಿಂದ. ಸ್ಪೇನ್ ದೇಶವನ್ನು ಕುರಿತ ಎರಡು ಕೈಪಿಡಿಗಳನ್ನು ಎದುರುಬದುರಿಟ್ಟು ಇದನ್ನು ಪರಿಶೀಲಿಸಬಹುದು. ಒಂದು 12ನೆಯ ಶತಮಾನದ್ದು, ಇನ್ನೊಂದು 20ನೆಯ ಶತಮಾನದ್ದು.

1

ಸ್ಪೇನಿನ ವಾಯವ್ಯ ಭಾಗದ ಸಾಂತ್ಯಾಗೊ ದೆ ಕೊಂಪೊಸ್ತೆಲಾ ನಗರದ ಪ್ರಧಾನ ಇಗರ್ಜಿಯಲ್ಲಿ ‘ಕೊಡೆಕ್ಸ್ ಕ್ಯಾಲಿಕ್ಸ್ಟಿನಸ್’ ಎಂಬ ಲ್ಯಾಟಿನ್ ಹಸ್ತಪ್ರತಿಯಿದೆ. 2011ರಲ್ಲಿ ಇದು ಕಳುವಾಗಿ 2012ರಲ್ಲಿ ಮರಳಿ ದೊರೆತ ಸುದ್ದಿ ಅನೇಕರಿಗೆ ನೆನಪಿರಬಹುದು. ಐದು ಭಾಗಗಳ ಈ ಸಂಕಲನದ ಕೊನೆಯ ಭಾಗವೇ ಯಾತ್ರಿಕರ ಕೈಪಿಡಿ. 12ನೆಯ ಶತಮಾನದ ನಡುಭಾಗದಲ್ಲಿ ಸಿದ್ಧವಾದ ಇದನ್ನು ಫ್ರಾನ್ಸಿನ ಪ್ವಾತೂ ಪ್ರಾಂತದ ಎಮೆರಿಕ್ ಪಿಕೊ ಎಂಬ ಪಾದ್ರಿ ರಚಿಸಿದನೆಂದು ಊಹಿಸುವವರುಂಟು, ಕರ್ತೃತ್ವ ನಿರ್ಣಯವಾಗಿಲ್ಲ. ಝಾನ್ ವ್ಯೆಲ್ಯಾರ್ ಅವರ ಫ್ರೆಂಚ್ ಅನುವಾದ 1938ರಲ್ಲಿ ಪ್ರಕಟವಾದ ಬಳಿಕ ಈ ಪಠ್ಯದ ಓದುಗರ ವಲಯ ವಿಸ್ತಾರಗೊಂಡಿತು.

ಹನ್ನೊಂದು ಅಧ್ಯಾಯಗಳ ಈ ಪುಟ್ಟ ಗ್ರಂಥ ದಾರಿಯಿಂದ ಆರಂಭವಾಗುತ್ತದೆ. ಫ್ರಾನ್ಸಿನ ನಾಲ್ಕು ಮಾರ್ಗಗಳು ಪುಯೆಂತೆ ಲಾ ರೇಯ್ನಾದಲ್ಲಿ ಒಂದಾಗುವುದನ್ನು ಹೇಳಿ, ಮುಂದೆ ದಿನದಿನದ ಪಯಣವನ್ನೂ ಊರುಗಳ ಹೆಸರನ್ನೂ ಧರ್ಮಶಾಲೆಗಳನ್ನೂ ಕೊಡುತ್ತದೆ. ರಸ್ತೆ ದುರಸ್ತಿ ಮಾಡಿದವರ ಹೆಸರುಗಳಿಗೆ ಒಂದು ಅಧ್ಯಾಯವೇ ಮೀಸಲು. ಅನಂತರ ಬರುವುದು ನದಿಗಳ ಅಧ್ಯಾಯ. ಎಸ್ತೆಲ್ಯಾದ ನೀರು ಸಿಹಿಯಾದದ್ದು. ಲೊರ್ಕಾ ಎಂಬಲ್ಲಿ ಹರಿಯುವ ಉಪ್ಪುಹೊಳೆಯ ನೀರನ್ನು ಮನುಷ್ಯರೂ ಕುದುರೆಗಳೂ ಮುಟ್ಟಬಾರದು. ಆ ಹೊಳೆಯ ದಡದಲ್ಲಿ ಇಬ್ಬರು ನವಾರಾದವರು ಕತ್ತಿ ಮಸೆಯುತ್ತ ಕುಳಿತಿದ್ದರಂತೆ. ನೀರು ಕುಡಿಯಬಹುದೇ ಎಂದು ಕೇಳಿದಾಗ ಕುಡಿಯಬಹುದೆಂದರು. ಕುದುರೆಗಳು ಕುಡಿದು ಸತ್ತಾಗ ಅಲ್ಲಿಯೇ ಅವುಗಳ ಚರ್ಮ ಸುಲಿದರು.

ಅಂಬಿಗರ ವಿಚಾರದಲ್ಲಿಯೂ ಇದೇ ದೂರು. ಅವರ ದೋಣಿ ಒಂದೇ ಮರದ ದಿಮ್ಮಿಯಲ್ಲಿ ಕೊರೆದದ್ದು, ಕುದುರೆಗಳನ್ನು ಹೊರಲಾರದ್ದು. ಹಣದಾಸೆಗೆ ಜನರನ್ನು ತುಂಬಿಸಿ ದೋಣಿ ಮಗುಚಿದರೆ ಸತ್ತವರ ಸೊತ್ತನ್ನು ದೋಚಿಕೊಳ್ಳುತ್ತಾರೆ. ವರ್ತಕರಿಂದ ಮಾತ್ರ ಪಡೆಯಬೇಕಾದ ಸುಂಕವನ್ನು ಯಾತ್ರಿಕರಿಂದ ಬಡಿಗೆ ಹಿಡಿದು ವಸೂಲು ಮಾಡುವವರಿಗೂ, ಅವರನ್ನು ನೇಮಿಸಿದ ಪ್ರಭುಗಳಿಗೂ ಧರ್ಮಬಹಿಷ್ಕಾರವಾಗಲಿ ಎಂದು ಆತ ಶಪಿಸುತ್ತಾನೆ.

2

ಈ ಲೇಖಕನಿಗೆ ಉದಾರದೃಷ್ಟಿ ಇರಲಿಲ್ಲ. ತನ್ನ ಪ್ವಾತೂ ನಾಡಿನವರು ವೀರರು, ಸುಂದರರು, ದಾನಿಗಳು. ನವಾರಾದವರೂ ಬಾಸ್ಕರೂ ಕ್ರೂರಿಗಳು. ಅವರ ಮಾತು ನಾಯಿ ಬೊಗಳಿದಂತೆ, ಊಟ ಹಂದಿ ತಿಂದಂತೆ. ಆದರೆ ಬೈಗುಳದ ನಡುವೆಯೇ ವಿವರಗಳು ಬರುತ್ತವೆ. ಒಡೆಯ ಒಡತಿಯರು, ಆಳುಕಾಳುಗಳು ಎಲ್ಲರೂ ಒಂದೇ ಪಾತ್ರೆಯಿಂದ ಕೈಯಲ್ಲಿ ಉಣ್ಣುತ್ತಾರೆ, ಒಂದೇ ಬಟ್ಟಲಿನಿಂದ ಕುಡಿಯುತ್ತಾರೆ ಎಂದು ಆತ ಹೇಸಿಗೆಯಿಂದ ಬರೆದದ್ದು, 12ನೆಯ ಶತಮಾನದ ಪಿರೆನೀಸ್ ತಪ್ಪಲಿನ ಮನೆವಾರ್ತೆಗೆ ಇಂದು ಸಾಕ್ಷ್ಯ.

ಇದಕ್ಕಿಂತ ಮುಖ್ಯವಾದದ್ದು ಆತ ಕೊಡುವ ಪದಪಟ್ಟಿ. ರೊಟ್ಟಿ, ಮದ್ಯ, ಮಾಂಸ, ಮೀನು, ಮನೆ, ಇಗರ್ಜಿ, ಗೋಧಿ, ನೀರು, ಅರಸ ಮುಂತಾದವಕ್ಕೆ ಬಾಸ್ಕ್ ಭಾಷೆಯ ಪದಗಳನ್ನು ಆತ ಬರೆದಿಟ್ಟಿದ್ದಾನೆ. ಬಾಸ್ಕ್ ಭಾಷೆಯ ಮೊದಲ ಮುದ್ರಿತ ಪುಸ್ತಕ ಬಂದದ್ದು 1545ರಲ್ಲಿ. ಅದಕ್ಕೆ ಸುಮಾರು 400 ವರ್ಷ ಹಿಂದಿನ ಈ ಪಟ್ಟಿ ಆ ಭಾಷೆಯ ಚರಿತ್ರೆಗೆ ಅಮೂಲ್ಯವಾದ ಆಕರ.

ಪಟ್ಟಿಯ ಎರಡು ಪದಗಳನ್ನು ಸೂಕ್ಷ್ಮವಾಗಿ ನೋಡಬೇಕು. ನೀರಿಗೆ ಆತ ಬರೆದಿರುವುದು ‘ಉರಿಕ್’. ಬಾಸ್ಕ್ ಭಾಷೆಯಲ್ಲಿ ನೀರು ‘ಉರ್’. ‘ಇಕ್’ ಎಂಬುದು ಪ್ರಶ್ನೆಯಲ್ಲಿಯೂ ನಿಷೇಧದಲ್ಲಿಯೂ ಹೆಚ್ಚಾಗಿ ಬರುವ ಪ್ರತ್ಯಯ. ಅಂದರೆ ‘ಉರಿಕ್’ ಎಂಬುದು ಬರಿಯ ನಾಮಪದವಲ್ಲ, ‘ನೀರೇನಾದರೂ ಇದೆಯೇ’, ‘ನೀರಿಲ್ಲ’ ಎಂಬಂಥ ಮಾತಿನ ತುಣುಕು. ಇಗರ್ಜಿಗೆ ಆತ ಬರೆದಿರುವ ‘ಎಲಿಸೆರಾ’ ಎಂಬುದನ್ನೂ ‘ಇಗರ್ಜಿಗೆ’ ಎಂಬ ವಿಭಕ್ತಿರೂಪವಾಗಿ ಓದುವುದು ಯುಕ್ತ. ಕನ್ನಡ ತಿಳಿಯದವನೊಬ್ಬ ನಮ್ಮ ಮಾತು ಕೇಳಿ, ದೇವಾಲಯಕ್ಕೆ ಕನ್ನಡದಲ್ಲಿ ‘ಗುಡಿಗೆ’ ಎನ್ನುತ್ತಾರೆಂದು ಬರೆದುಕೊಂಡಂತೆ ಇದು. ಪದವನ್ನು ಪಡೆಯುವಾಗ ಆ ಸಂದರ್ಭವನ್ನೂ ಆತ ಅರಿಯದೆಯೇ ಎತ್ತಿಕೊಂಡಿದ್ದಾನೆ. ಬಾಯಾರಿದವನು ನೀರು ಕೇಳಿದ್ದು, ದಾರಿ ತಪ್ಪಿದವನು ಇಗರ್ಜಿಗೆ ಹೋಗುವ ಹಾದಿ ಕೇಳಿದ್ದು ಆ ಪ್ರತ್ಯಯಗಳಲ್ಲಿ ಉಳಿದುಕೊಂಡಿರುವಂತೆ ತೋರುತ್ತದೆ. ತಾನು ತಿರಸ್ಕರಿಸುವ ಜನರ ಭಾಷೆಯನ್ನು ಆತ ದಾಖಲಿಸಲು ಕಾರಣ ಪ್ರೀತಿಯಲ್ಲ, ಪರಾವಲಂಬನೆ.

3

ಇದು ಕೇವಲ ಕಾಲಧರ್ಮವೆಂದು ಆಕ್ಷೇಪಿಸಬಹುದು. ಹಾಗಲ್ಲ. ಅದೇ 12ನೆಯ ಶತಮಾನದ ‘ಮಿರಾಬಿಲಿಯಾ’ ಎಂಬ ರೋಮ್ ನಗರದ ಕೈಪಿಡಿ ಕೋಟೆ, ಕಮಾನು, ಪ್ರತಿಮೆಗಳನ್ನೂ ಅವುಗಳ ಐತಿಹ್ಯಗಳನ್ನೂ ಹೇಳುತ್ತದೆ. ಅಂದಿನ ರೋಮ್ ನಿವಾಸಿಗಳ ದಿನಚರಿ ಅದರ ಆಸಕ್ತಿಯಲ್ಲ. ಕೊಂಪೊಸ್ತೆಲಾದ ಕೈಪಿಡಿಯಲ್ಲಿಯೂ ಅತ್ಯಂತ ದೀರ್ಘವಾದ ಅಧ್ಯಾಯ ದರ್ಶನೀಯವಾದ ಸಂತರ ಸಮಾಧಿಗಳನ್ನು ಕುರಿತದ್ದು. ಎರಡು ಬಗೆಯ ಪ್ರಶ್ನೆಗಳೂ ಅಂದೇ ಇದ್ದವು. ಮುಂದೆ ಬದಲಾದದ್ದು ಅವುಗಳ ಸಂಬಂಧ.

1836ರಲ್ಲಿ ಲಂಡನ್ನಿನ ಜಾನ್ ಮರ್ರೆಯ ಕೈಪಿಡಿ ಬಂದಿತು. ಅದೇ ದಶಕದಲ್ಲಿ ಜರ್ಮನಿಯ ಕೊಬ್ಲೆಂಟ್ಸ್ ನಗರದ ಕಾರ್ಲ್ ಬೆಡೆಕರ್ (1801–1859) ಈ ಉದ್ಯಮಕ್ಕೆ ಇಳಿದ. ಬೆಡೆಕರ್ ನಿತ್ಯದ ಅಗತ್ಯಗಳನ್ನು ಕಡೆಗಣಿಸಲಿಲ್ಲ. ಹೋಟೆಲು, ಗಾಡಿ ಬಾಡಿಗೆ, ಭಕ್ಷೀಸು ಎಲ್ಲವನ್ನೂ ನಿಖರವಾಗಿ ಕೊಟ್ಟ. ಆದರೆ ಆತನ ಘೋಷಿತ ಉದ್ದೇಶ ಪ್ರವಾಸಿಯನ್ನು ಮಾರ್ಗದರ್ಶಕರ ಮತ್ತು ಬಾಡಿಗೆ ಸೇವಕರ ಹಂಗಿನಿಂದ ಬಿಡಿಸುವುದು. ಉತ್ತರವೆಲ್ಲ ಪುಸ್ತಕದಲ್ಲಿರುವಾಗ ಊರಿನವರನ್ನು ಕೇಳುವ ಅಗತ್ಯವೇನು? ಇಂದು ದಾರಿ ತೋರುವ, ಮಾತು ತರ್ಜುಮೆ ಮಾಡುವ ಮೊಬೈಲ್ ಫೋನು ಆ ಉದ್ದೇಶವನ್ನು ಬಹುಮಟ್ಟಿಗೆ ಪೂರ್ಣಗೊಳಿಸಿದೆ. ಹಂಗು ತಪ್ಪಿದ್ದು ಸೌಕರ್ಯವೇ. ಆದರೆ ಅದರೊಂದಿಗೆ ಸಂಭಾಷಣೆಯೂ ತಪ್ಪಿತು. ಉಳಿದದ್ದು ನೋಟ.

ಈ ನೋಟದ ಸ್ವರೂಪವನ್ನು ಬಯಲಿಗೆ ತಂದವರು ಫ್ರೆಂಚ್ ವಿಮರ್ಶಕ ರೊಲಾಂ ಬಾರ್ತ್. 1957ರ ‘ಮಿಥಾಲಜೀಸ್’ ಕೃತಿಯಲ್ಲಿ ಅವರು ಫ್ರಾನ್ಸಿನ ‘ನೀಲಿ ಕೈಪಿಡಿ’ ಮಾಲೆಯ ಸ್ಪೇನ್ ಸಂಪುಟವನ್ನು ಪರೀಕ್ಷಿಸಿದ್ದಾರೆ. ಅದರಲ್ಲಿ ದೇಶವೆಂದರೆ ಸ್ಮಾರಕಗಳ ಸಾಲು, ಮುಖ್ಯವಾಗಿ ಇಗರ್ಜಿಗಳು. ಮನುಷ್ಯರು ಕೇವಲ ಮಾದರಿಗಳು ಎಂಬುದು ಅವರ ನಿರ್ಣಯ. ಅಲ್ಲಿ ಬಾಸ್ಕನೆಂದರೆ ಸಾಹಸಿ ನಾವಿಕ, ಅಷ್ಟೆ. ಬೈಗುಳವಿಲ್ಲ, ಹೊಗಳಿಕೆಯೇ ಇದೆ. ಆದರೆ ಫ್ರಾಂಕೋ ಆಳ್ವಿಕೆಯಲ್ಲಿ (1939–1975) ಬಾಸ್ಕ್ ಭಾಷೆಯ ಸಾರ್ವಜನಿಕ ಬಳಕೆ ದಮನಕ್ಕೊಳಗಾಗಿತ್ತು. 1979ರ ಸ್ವಾಯತ್ತತಾ ಶಾಸನದ ಅನಂತರವೇ ಬಾಸ್ಕ್ ಪ್ರಾಂತದಲ್ಲಿ ಅದು ಸ್ಪ್ಯಾನಿಷ್ ಜೊತೆಗೆ ಅಧಿಕೃತ ಸ್ಥಾನ ಪಡೆಯಿತು. ಸಾಹಸಿ ನಾವಿಕನ ಬಾಯಿ ಕಟ್ಟಿದ್ದನ್ನು ಕಾಣಲು ಅವನೊಡನೆ ಮಾತಾಡಬೇಕಿತ್ತು. ದ್ವೇಷಿಸಿದವನು ಅವರ ಮಾತನ್ನು ಉಳಿಸಿದ. ಮೆಚ್ಚಿದವರಿಗೆ ಅವರ ಮೌನ ಕೇಳಿಸಲಿಲ್ಲ.

ಈ ನೋಟ ಎಲ್ಲಿಯವರೆಗೆ ಹೋಗಬಲ್ಲುದು ಎಂಬುದಕ್ಕೆ ಬೆಡೆಕರ್ ಸಂಸ್ಥೆಯ 1943ರ ಸಂಪುಟವೇ ನಿದರ್ಶನ. ಅದು ನಾಜಿ ಜರ್ಮನಿ ಆಕ್ರಮಿಸಿದ್ದ ಪೋಲೆಂಡಿನ ಕೈಪಿಡಿ. ಆ ನಗರಗಳ ಯಹೂದ್ಯ ನಿವಾಸಿಗಳನ್ನು ಕೊಲೆಶಿಬಿರಗಳಿಗೆ ಸಾಗಿಸಿದ ಕಾಲದಲ್ಲಿಯೇ ಆ ನಗರಗಳ ದರ್ಶನೀಯ ಸ್ಥಳಗಳ ವರ್ಣನೆ ಪ್ರಕಟವಾಯಿತು.

4

ಅಗತ್ಯದ ಪ್ರಶ್ನೆಯನ್ನು ಆದರ್ಶೀಕರಿಸುವುದೂ ತಪ್ಪು. ಅಂಬಿಗನ ಕೈಯಲ್ಲಿ ಪ್ರಾಣವಿಟ್ಟವನ ಭಯವೇ ನವಾರಾದವರ ಮೇಲಿನ ದ್ವೇಷವಾಗಿ ಬೆಳೆದಿದೆ. ಉಪ್ಪುಹೊಳೆಯ ಕಥೆ ಕಂಡದ್ದೋ ಕಟ್ಟಿದ್ದೋ ಹೇಳಲು ಬರುವಂತಿಲ್ಲ. ಆದ್ದರಿಂದ ಇಂಥ ಕೃತಿಗಳಲ್ಲಿ ಲೇಖಕನ ತೀರ್ಪನ್ನೂ ಆತ ಪಡೆದ ಉತ್ತರವನ್ನೂ ಬೇರ್ಪಡಿಸಿ ಓದಬೇಕು. ತೀರ್ಪು ಆತನದು, ಉತ್ತರ ಆ ನಾಡಿನದು.

ಈ ಕ್ರಮ ನಮ್ಮ ಅಧ್ಯಯನಕ್ಕೂ ಸಲ್ಲುತ್ತದೆ. ವಿಜಯನಗರವನ್ನು ಕಂಡ ಪೋರ್ಚುಗೀಸರ ಬರಹಗಳನ್ನು ನಾವು ವೈಭವದ ವರ್ಣನೆಗಾಗಿಯೇ ಉದ್ಧರಿಸುತ್ತ ಬಂದಿದ್ದೇವೆ. ನೂನಿಜ್ ಕುದುರೆ ವ್ಯಾಪಾರಿ. ಸಾಳುವ ನರಸಿಂಹ ಸಾವಿರ ಪರ್ದಾವಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನೆಂದೂ ಆತ ಬರೆದಿದ್ದಾನೆ. ಅಶ್ವಬಲಕ್ಕಾಗಿ ಆ ರಾಜ್ಯ ಪಡುತ್ತಿದ್ದ ಪಾಡನ್ನು ಅರಮನೆಯ ಯಾವ ವರ್ಣನೆಯೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಅದು ವ್ಯಾಪಾರಿ ಕೇಳಲೇಬೇಕಾದ ಪ್ರಶ್ನೆಗೆ ದೊರೆತ ಉತ್ತರ.

ಯುರೋಪನ್ನು ಕುರಿತು ಕನ್ನಡದಲ್ಲಿ ಬಂದ ಪ್ರವಾಸಕಥನಗಳನ್ನೂ ಈ ದೃಷ್ಟಿಯಿಂದ ಮರಳಿ ಓದುವ ಕೆಲಸವಿದೆ. ಲೇಖಕರು ಏನನ್ನು ಮೆಚ್ಚಿದರು ಎಂಬುದರ ಪಟ್ಟಿ ಸುಲಭ. ಯಾರನ್ನು ಏನು ಕೇಳಬೇಕಾಯಿತು, ಯಾವ ಭಾಷೆಯಲ್ಲಿ ಕೇಳಿದರು, ದೊರೆತ ಉತ್ತರವನ್ನು ಹೇಗೆ ಬರೆದುಕೊಂಡರು ಎಂಬುದನ್ನು ಶೋಧಿಸಿದರೆ ಈ ಪ್ರಕಾರದ ಮೌಲ್ಯಮಾಪನಕ್ಕೆ ಹೆಚ್ಚು ಭದ್ರವಾದ ಅಳತೆಗೋಲು ದೊರಕುತ್ತದೆ.