ಹಸೆಗೋಡೆಯ ಕೈಗಳು

ಊಟದ ಮೇಜಿಗೆ ಹಾಸುವ ಬಟ್ಟೆಯ ನಮೂನೆ ಬರೆದುಕೊಟ್ಟವನ ಬಾಳನ್ನೂ ಕೃತಿಯನ್ನೂ ಕುರಿತು ವಿಮರ್ಶೆ ಬರೆಯುವುದುಂಟೇ ಎಂದು ನಮ್ಮಲ್ಲಿ ಯಾರಾದರೂ ಹುಬ್ಬೇರಿಸಿಯಾರು. ಡಚ್ಚರ ನಾಡಿನಲ್ಲಿ ಉಂಟು. 1878ರಲ್ಲಿ ಆಂಸ್ಟರ್‌ಡಾಮಿನಲ್ಲಿ ಹುಟ್ಟಿದ ಕ್ರಿಸ್ ಲೆಬೋ ಎಂಬ ಅಲಂಕರಣ ಕಲಾವಿದ ಮೇಜುವಸ್ತ್ರ, ಗಾಜಿನ ಪಾತ್ರೆ, ಅಂಚೆಚೀಟಿ, ನಾಟಕದ ಭಿತ್ತಿಪತ್ರ ಇವುಗಳಲ್ಲೇ ಆಯುಷ್ಯ ಸವೆಸಿದವನು. ಜರ್ಮನರು ಹಾಲೆಂಡನ್ನು ಆಕ್ರಮಿಸಿದ್ದಾಗ ಅವರ ವಿರೋಧಿಗಳಿಗೆ ನೆರವಾಗಿ ಸೆರೆಸಿಕ್ಕಿ, 1945ರ ಏಪ್ರಿಲಿನಲ್ಲಿ ಡಾಖೌ ಶಿಬಿರದಲ್ಲಿ ತೀರಿಕೊಂಡ. ಅವನ ಮೇಜುವಸ್ತ್ರಗಳು ಇಂದು ವಸ್ತುಸಂಗ್ರಹಾಲಯದ ಸೊತ್ತು. ಇಂಥ ಗೆರೆ ಇವನದು, ಇಂಥದು ಇವನದಲ್ಲ ಎಂದು ಗುರುತಿಸಬಲ್ಲ ಪಂಡಿತರೂ ಅಲ್ಲಿದ್ದಾರೆ.

ಈ ಲೆಬೋಗೆ ಮೊದಲು ಹೆಸರು ತಂದದ್ದು ಬಾಟಿಕ್ ಕೆಲಸ. ಜಾವಾ ದ್ವೀಪವನ್ನೇ ಕುರಿತು ಲೂಯಿ ಕುಪೇರಸ್ ಬರೆದ ಕಾದಂಬರಿಯೊಂದರ 1900ರ ಮುದ್ರಣಕ್ಕೆ ಅವನು ಮಾಡಿದ ಮಕಮಲ್ಲಿನ ಬಾಟಿಕ್ ಹೊದಿಕೆ ಪುಸ್ತಕಕಲೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಬಟ್ಟೆಯ ಮೇಲೆ ಮೇಣದಿಂದ ಗೆರೆಯೆಳೆದು ಬಣ್ಣದಲ್ಲಿ ಅದ್ದುವ ಆ ವಿದ್ಯೆಯಾದರೋ ಜಾವಾದ ಹೆಂಗಸರದು. ಕಲಿತವನಿಗೆ ಹೆಸರು ಬಂತು. ಕಲಿಸಿದ ಕೈಗಳು ‘ಜಾವಾದ ಸಾಂಪ್ರದಾಯಿಕ ಕಲೆ’ ಎಂಬ ಮೂರು ಮಾತಿನಲ್ಲಿ ಕರಗಿಹೋದವು. ಲೆಬೋನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವನು ನಿಜವಾಗಿಯೂ ದೊಡ್ಡ ಕಸುಬುದಾರ. ನನ್ನ ತಕರಾರು ಆ ಮೂರು ಮಾತುಗಳ ಮೇಲೆ.

ಏಕೆಂದರೆ ನಮ್ಮ ಸೊರಬ, ಸಾಗರಗಳ ಹಸೆಚಿತ್ತಾರವನ್ನು ಕುರಿತು ನಾವು ಬರೆಯುವುದೂ ಹೆಚ್ಚುಕಡಿಮೆ ಅದೇ ಧಾಟಿಯಲ್ಲಿ. ‘ಮಲೆನಾಡಿನ ದೀವರ ಹೆಣ್ಣುಮಕ್ಕಳ ಜನಪದ ಕಲೆ’ ಎಂದು ಆರಂಭಿಸಿ, ಕೆಮ್ಮಣ್ಣು, ಅಕ್ಕಿಹಿಟ್ಟು ಎಂದು ಬಣ್ಣಗಳ ಪಟ್ಟಿ ಕೊಟ್ಟು, ನಶಿಸುತ್ತಿದೆ ಎಂದು ನಿಟ್ಟುಸಿರಿಟ್ಟರೆ ಲೇಖನ ಮುಗಿಯಿತು. ಗೋಡೆಯನ್ನು ನೋಡಿದವರಾರು?

ನೋಡಬೇಕಾದ ರೀತಿ ಯಾವುದೆಂದು ನನಗೆ ಮನವರಿಕೆಯಾದದ್ದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಸೀಮೆಯಲ್ಲಿ, ಒಂದೇ ಊರಿನ ಎರಡು ಮನೆಗಳ ಗೋಡೆಗಳನ್ನು ಒಂದೇ ದಿನ ಕಂಡಾಗ. ಎರಡೂ ಮದುವೆಯ ಹಸೆಗಳೇ: ವಧೂವರರನ್ನು ಕೂರಿಸುವ ಜಾಗದ ಹಿಂದಿನ ಗೋಡೆಯಲ್ಲಿ ಬರೆದವು. ಎರಡರಲ್ಲೂ ಕೆಮ್ಮಣ್ಣಿನ ನೆಲ, ಅಕ್ಕಿಯನ್ನು ನೆನೆಸಿ ಅರೆದ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಚೌಕದೊಳಗೆ ಅಡ್ಡಗೆರೆ, ಉದ್ದಗೆರೆ, ಓರೆಗೆರೆಗಳು ಹೆಣೆದುಕೊಂಡು ಮನೆಗಳಾಗುವುದು, ಸುತ್ತ ನಿಲಿಯ ಅಂಚು, ಮೇಲೆ ಬಾಸಿಂಗ, ಕೆಳಗೆ ಗೊಂಬೆಯಂಥ ಮದುಮಕ್ಕಳು, ಇದೆಲ್ಲವೂ ಎರಡಕ್ಕೂ ಸಮಾನ. ಆದರೂ ಅವು ಒಂದೇ ಕೃತಿಯ ಎರಡು ಪ್ರತಿಗಳಲ್ಲ. ಮೊದಲ ಮನೆಯ ಚಿತ್ತಾರಗಿತ್ತಿಗೆ ತೆರಪೆಂದರೆ ಆಗದು. ಕೂದಲೆಳೆಯಂಥ ಬಿಳಿ ಗೆರೆಗಳನ್ನು ಎಷ್ಟು ಒತ್ತೊತ್ತಾಗಿ ಎಳೆದಿದ್ದಾರೆಂದರೆ ದೂರಕ್ಕೆ ಕೆಮ್ಮಣ್ಣು ನಸುಗೆಂಪು ನೇಯ್ಗೆಯಂತೆ ಕಾಣುತ್ತದೆ. ಎರಡನೆಯಾಕೆ ಗೆರೆಯನ್ನು ದಪ್ಪವಾಗಿ ಎಳೆದು ಕೆಂಪನ್ನು ಧಾರಾಳವಾಗಿ ಬಿಟ್ಟಿದ್ದರು. ಜೋಗಿಜಡೆಯ ಹೆಣಿಗೆ ಮೂಲೆಗೆ ಬಂದಾಗ ಉಳಿದವರೆಲ್ಲ ಅದನ್ನು ತುಂಡರಿಸುವಂತೆ ಅವರು ತುಂಡರಿಸಲಿಲ್ಲ. ಒಂದು ಎಳೆಯನ್ನು ಸಡಿಲಿಸಿ ತಿರುಗಿಸಿದ್ದರು. ಆ ತಿರುವು ಅಜ್ಜಿಯಿಂದ ಬಂದದ್ದಲ್ಲ, ‘ಜನಪದ’ದಿಂದ ಬಂದದ್ದೂ ಅಲ್ಲ. ಅದು ಅವರ ತೀರ್ಮಾನ. ಇಂಥ ತೀರ್ಮಾನ ಮಾಡುವವರಿಗೆ ಬೇರೆ ದೇಶದಲ್ಲಿ ವಿನ್ಯಾಸಕಾರರೆಂದು ಹೆಸರು.

ಇದೇ ತಾಲ್ಲೂಕಿನ ಇನ್ನೊಂದು ಅಲಂಕಾರವಿದ್ಯೆಯೊಡನೆ ಹೋಲಿಸಿದರೆ ಇದರ ಬಿಗಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸೊರಬ, ಸಾಗರಗಳ ಗುಡಿಗಾರರು ಗಂಧದ ಪೆಟ್ಟಿಗೆಯ ಮೇಲೆ ಬಳ್ಳಿ, ಎಲೆ, ಹಕ್ಕಿ, ದೇವತೆ ಎಂದು ಒಂದಂಗುಲವೂ ಬರಿದಾಗಿರದಂತೆ ಕೆತ್ತುತ್ತಾರೆ. ಅದು ಸಮೃದ್ಧಿಯ ಕಲೆ, ಅರಮನೆಯನ್ನೂ ವಸ್ತುಪ್ರದರ್ಶನವನ್ನೂ ಕಂಡ ಕಲೆ. ಚಿತ್ತಾರದಲ್ಲಿ ಬಳ್ಳಿಯೇ ಇಲ್ಲವೆನ್ನಬಹುದು. ಎಲ್ಲವೂ ಲೆಕ್ಕ, ಎಲ್ಲವೂ ಕೋನ. ಸೊಗಸೆಂದರೆ ಮದುವೆಯ ದಿನ ಎರಡೂ ಎದುರುಬದುರಾಗುತ್ತವೆ: ಗುಡಿಗಾರರು ಬೆಂಡಿನಲ್ಲಿ ಮಾಡಿದ ಬಾಸಿಂಗ ಮದುಮಕ್ಕಳ ಹಣೆಯ ಮೇಲೆ, ಚಿತ್ತಾರಗಿತ್ತಿ ಬರೆದ ಬಾಸಿಂಗ ಅವರ ಬೆನ್ನ ಹಿಂದೆ.

ಹೆಸರಿನ ಪ್ರಶ್ನೆ ಬರಿಯ ಮರ್ಯಾದೆಯ ಪ್ರಶ್ನೆಯಲ್ಲ. ಮಿಥಿಲೆಯ ನಿದರ್ಶನ ನೋಡಿ. 1966-67ರ ಬರಗಾಲದಲ್ಲಿ ಅಲ್ಲಿಯ ಹೆಂಗಸರಿಗೆ ಜೀವನೋಪಾಯವಾಗಲೆಂದು ಕಾಗದ ಹಂಚಿದರು. ಗೋಡೆಯ ಚಿತ್ರ ಕಾಗದಕ್ಕಿಳಿಯಿತು. ಜಗದಂಬಾ ದೇವಿ, ಸೀತಾ ದೇವಿ, ಗಂಗಾ ದೇವಿ ಎಂದು ಹೆಸರುಗಳು ಹೊರಬಂದವು, ಪದ್ಮಶ್ರೀಯೂ ಬಂತು. ಆಮೇಲಲ್ಲವೇ ಸೀತಾ ದೇವಿಯವರ ತುಂಬುಬಣ್ಣವೇ ಬೇರೆ, ಗಂಗಾ ದೇವಿಯವರ ಸೂಕ್ಷ್ಮಗೆರೆಯೇ ಬೇರೆ ಎಂದು ರಸಿಕರು ಮಾತಾಡಲು ಕಲಿತದ್ದು? ಹೆಸರಿಲ್ಲದೆ ತಾರತಮ್ಯವಿಲ್ಲ, ತಾರತಮ್ಯವಿಲ್ಲದೆ ವಿಮರ್ಶೆಯಿಲ್ಲ. ಎಲ್ಲ ಚಿತ್ತಾರವೂ ಒಂದೇ ಸಮ ಚೆನ್ನ ಎನ್ನುವುದು ಹೊಗಳಿಕೆಯಂತೆ ಕಂಡರೂ ಒಳ್ಳೆಯ ಚಿತ್ತಾರಗಿತ್ತಿಗೆ ಮಾಡುವ ಅನ್ಯಾಯವೇ ಸರಿ. ಗೇಣಿಯ ಕೊಳಗದ ಅಳತೆಗಾಗಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಸಿದವರು ಇದೇ ದೀವರು. ಆ ಹೋರಾಟಕ್ಕೆ ಚರಿತ್ರೆಯಲ್ಲಿ ಪುಟಗಳಿವೆ. ಅದೇ ಮನೆಗಳ ಗೋಡೆಗಳಿಗೆ ಅಡಿಟಿಪ್ಪಣಿಯೂ ಇಲ್ಲ.

ನಮ್ಮಲ್ಲೂ ಚಿತ್ತಾರ ಈಗ ಕಾಗದ, ಬಟ್ಟೆಗಳಿಗೆ ಇಳಿದಿದೆ. ಸಾಗರದ ಬಳಿಯ ಸಿರಿವಂತೆಯ ಚಂದ್ರಶೇಖರ ಅವರ ‘ಚಿತ್ತಾರಸಿರಿ’ಯಂಥ ಪ್ರಯತ್ನಗಳಿಂದ ಈ ಕಲೆಯನ್ನು ಪಟ್ಟಣದವರು ಅರಿಯುವಂತಾಯಿತು. ಮಣ್ಣಿನ ಗೋಡೆ ಸಿಮೆಂಟಾಗಿರುವ ಕಾಲದಲ್ಲಿ ಕಾಗದ ಬೇಡವೆನ್ನುವುದು ಹಟವಾದೀತು. ಆದರೆ ಕಾಗದದ ಮೇಲೆ ಏನಾಗುತ್ತಿದೆಯೆಂದು ಕಣ್ಣುಬಿಟ್ಟು ನೋಡಲೇಬೇಕು. ಗೋಡೆಯ ಹಸೆಗೆ ಕೂತ ಮದುಮಕ್ಕಳ ತಲೆಯೆತ್ತರವೇ ಅಳತೆ. ಅವರು ಎದ್ದುಹೋದರೂ ಅದು ಅವರಿಗಾಗಿ ಕಾಯುವಂತಿರುತ್ತದೆ. ಚೌಕಟ್ಟಿನೊಳಗಿನ ಹಸೆಗೆ ಅಳತೆ ಕೊಡುವುದು ಕೊಳ್ಳುವವನ ಹಜಾರ. ಕೊಳ್ಳುವವನಿಗೆ ಕಥೆ ಬೇಕು. ಆದ್ದರಿಂದ ಎತ್ತಿನ ಗಾಡಿ, ನಾಟಿ, ಕುಣಿತ ಎಂದು ಗೊಂಬೆಗಳು ಹೆಚ್ಚಾಗಿ, ನಡುವಿನ ಚೌಕದ ಲೆಕ್ಕಾಚಾರ ಮೂಲೆ ಸೇರುತ್ತಿದೆ. ಪ್ರದರ್ಶನಗಳಲ್ಲಿ ಇದನ್ನು ವಾರ್ಲಿಯೆಂದು ಕರೆಯುವವರು ಸಿಗುವುದು ಸುಮ್ಮನೆ ಅಲ್ಲ. ಗೊಂಬೆಗಳಷ್ಟೇ ಉಳಿದರೆ ಎರಡಕ್ಕೂ ಅಂತರ ತೋರಿಸುವುದು ಕಷ್ಟ. ಹಸೆಯ ಪ್ರತಿಭೆ ಗೊಂಬೆಯಲ್ಲಿಲ್ಲ, ಗೆರೆಯ ಹೆಣಿಗೆಯಲ್ಲಿದೆ.

ಭೂಮಿ ಹುಣ್ಣಿಮೆಯ ಬುಟ್ಟಿ ಈ ಕೇಡಿನಿಂದ ಇನ್ನೂ ಅಷ್ಟಾಗಿ ಕೆಟ್ಟಿಲ್ಲವೆಂದು ನನ್ನ ಎಣಿಕೆ. ಬಿದಿರ ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಬಳಿದು, ಉರುಟಾದ ಮೈಯ ಸುತ್ತ ಗೆರೆಗಳನ್ನು ಕೂಡಿಸಿ, ಎಡೆ ತುಂಬಿ ಗದ್ದೆಗೆ ಹೊರುತ್ತಾರೆ. ಅದರ ಮೇಲೆ ಕಥೆ ಹೇಳಲು ಎಡೆಯಿಲ್ಲ. ಗೆರೆ ಸುತ್ತಿ ಬಂದು ತನ್ನ ತುದಿಯನ್ನು ತಾನೇ ಸರಿಯಾಗಿ ಸೇರಬೇಕು. ಸೇರದಿದ್ದರೆ ಹೊತ್ತವರಿಗಲ್ಲದೆ ಹಿಂದೆ ನಡೆದುಬರುವವರಿಗೂ ಕಾಣುತ್ತದೆ.

ಹಾಗಾಗಿ ಹಸೆಚಿತ್ತಾರದ ಮುಂದಿನ ಪ್ರದರ್ಶನ ಏರ್ಪಡಿಸುವವರಲ್ಲಿ ನನ್ನದೊಂದು ಬಿನ್ನಹ. ಪ್ರತಿಯೊಂದರ ಕೆಳಗೆ ‘ದೀವರ ಚಿತ್ತಾರ, ಮಲೆನಾಡು’ ಎಂಬ ಚೀಟಿಯ ಬದಲು ಬರೆದಾಕೆಯ ಹೆಸರು, ಊರು, ಇಸವಿ ಇರಲಿ. ಯಾರಿಂದ ಕಲಿತರೆಂಬುದೂ ಇದ್ದರೆ ಇನ್ನೂ ಲೇಸು. ಗೋಡೆಯ ಮೇಲಿನವನ್ನು ಬರೆದಿಟ್ಟುಕೊಳ್ಳುವವರು ದೀಪಾವಳಿಗೆ ಮೊದಲೇ ಹೋಗಲಿ. ಹಬ್ಬಕ್ಕೆಂದು ಗೋಡೆ ಸಾರಿಸಿದರೆ ಕಳೆದ ಮದುವೆಯ ಹಸೆ ಕೆಮ್ಮಣ್ಣಿನಡಿ ಸೇರಿರುತ್ತದೆ.