ಅರಸನಿಗೂ ವೀರಬಾಹುವಿಗೂ ಒಂದೇ ಕೊರಳು

1965ರ ‘ಸತ್ಯ ಹರಿಶ್ಚಂದ್ರ’ವನ್ನು ಹೊಗಳುವವರು ರಾಜಕುಮಾರ್ ಅವರ ಅಭಿನಯದಲ್ಲೇ ನಿಂತುಬಿಡುತ್ತಾರೆ. 2008ರಲ್ಲಿ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಮಾತೆಲ್ಲ ಬಣ್ಣದ್ದೇ ಆಯಿತು. ಕಂಪನಿ ನಾಟಕದ ಕಥೆ ತೆರೆಗೆ ಬರುವಾಗ ಅದರ ಹಾಡು ಯಾರ ಕೊರಳು ಸೇರಿತು ಎಂದು ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ಚಿತ್ರದ ದೊಡ್ಡ ಸಾಧನೆ ಅಲ್ಲೇ ಇದೆ.

ಹರಿಶ್ಚಂದ್ರನನ್ನು ಕೊಂಡ ವೀರಬಾಹು ಕುಲದ ಮೇಲು-ಕೀಳನ್ನು ಕೆಣಕುವ ಹಾಡನ್ನೇ ನೋಡಿ. ರಂಗದ ಮೇಲೆ ನಕ್ಷತ್ರಿಕ, ವೀರಬಾಹು ನಗೆಯ ಪಾತ್ರಗಳು. ನಟ ಮಾತಾಡುತ್ತಲೇ ಹಾರ್ಮೋನಿಯಂ ಶ್ರುತಿಗೆ ಜಾರಿ ಪದ ಎತ್ತುತ್ತಾನೆ; ‘ವನ್ಸ್ ಮೋರ್’ ಬಿದ್ದರೆ ಹೊಸ ಚೇಷ್ಟೆ ಸೇರಿಸಿ ಮತ್ತೆ ಹಾಡುತ್ತಾನೆ. ತೆರೆಯ ಮೇಲೆ ಆ ಸಲಿಗೆ ಇಲ್ಲ. ವೀರಬಾಹುವಾದ ಎಂ.ಪಿ. ಶಂಕರ್ ಅವರದು ಕುಸ್ತಿಪಟುವಿನ ಮೈ, ಒರಟು ಮಾತು. ಹಾಡಲು ಬಾಯಿ ತೆರೆದರೆ ಕೇಳುವುದು ವಿಜಯನಗರಂ ಸಂಗೀತ ಕಾಲೇಜಿನಲ್ಲಿ ಪಳಗಿದ ಘಂಟಸಾಲ ಅವರ ಕಂಠ. ಬೆಸುಗೆ ಕಿವಿಗೆ ತಾಕುತ್ತದೆ, ಒಪ್ಪುತ್ತೇನೆ.

ಆದರೆ ಅದೇ ಚಿತ್ರದಲ್ಲಿ ಹರಿಶ್ಚಂದ್ರ ಶಿವನನ್ನು ಕರೆದು ಹಾಡುವುದೂ ಘಂಟಸಾಲ ಅವರ ಕಂಠದಲ್ಲೇ. ಕೊಂಡವನಿಗೂ ಮಾರಿಕೊಂಡವನಿಗೂ, ಸುಡುಗಾಡಿನ ಒಡೆಯನಿಗೂ ಸೂರ್ಯವಂಶದ ಅರಸನಿಗೂ ಒಂದೇ ಕೊರಳು! ಒಬ್ಬನ ಹಾಡಿನಲ್ಲಿ ಕುಣಿತದ ಗತ್ತು, ಇನ್ನೊಬ್ಬನದರಲ್ಲಿ ಎಳೆದೆಳೆದು ಬರುವ ಆರ್ತತೆ. ಉಸಿರು ಮಾತ್ರ ಒಬ್ಬರದೇ. ಸಾಹಿತ್ಯ ಪ್ರಶ್ನೆಯಾಗಿ ಕೇಳಿದ್ದಕ್ಕೆ ಧ್ವನಿ ಉತ್ತರ ಕೊಟ್ಟುಬಿಟ್ಟಿದೆ. ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಕೇಳುವ ಕಿವಿಗೆ ಅದು ಮುಖ್ಯವಲ್ಲ. ಪ್ರತಿ ನಟನೂ ತನ್ನ ಗಂಟಲಲ್ಲೇ ಹಾಡುವ ರಂಗದಲ್ಲಿ ಈ ಅರ್ಥ ಹುಟ್ಟಲು ದಾರಿಯೇ ಇಲ್ಲ.

ಘಂಟಸಾಲ ಅವರ ಕನ್ನಡದಲ್ಲಿ ತೆಲುಗಿನ ಛಾಯೆ ಇದೆ ಎಂದು ಮೂಗು ಮುರಿಯುವವರಿದ್ದಾರೆ. ಅವರು ಸೇಡಂ, ಚಿಂಚೋಳಿ ಕಡೆ ಬಂದು ಕೇಳಲಿ. ಗಡಿ ದಾಟಿದರೆ ತಾಂಡೂರು, ಜಹೀರಾಬಾದ್. ವಾಡಿ ಜಂಕ್ಷನ್ನಿನಲ್ಲಿ, ಶಹಾಬಾದಿನ ಕಲ್ಲುಗಣಿಗಳಲ್ಲಿ, ಚಿತ್ತಾಪುರದ ಸಂತೆಯಲ್ಲಿ ಕನ್ನಡ, ತೆಲುಗು, ದಖನಿ ಒಂದರ ಪಕ್ಕ ಒಂದು ಬದುಕಿವೆ. ಈ ಸೀಮೆಯ ಕಿವಿಗೆ ಆ ಉಚ್ಚಾರ ಪರಕೀಯವಲ್ಲ. ಮೈಸೂರು ಕನ್ನಡವೊಂದೇ ತೆರೆಯ ಕನ್ನಡ ಎಂಬ ಹಟವನ್ನು ವಿಮರ್ಶೆ ಎಂದು ಒಪ್ಪಲಾರೆ.

ಹಿನ್ನೆಲೆ ಗಾಯನವೇ ರಂಗಭೂಮಿಗೆ ಬಗೆದ ದ್ರೋಹ ಎನ್ನುವ ಇನ್ನೊಂದು ವಾದದಲ್ಲಿ ಅರ್ಧ ಸತ್ಯವಿದೆ. ಗುಬ್ಬಿ ಕಂಪನಿಯಲ್ಲಿ ಹಾಡಿ ಬೆಳೆದ ರಾಜಕುಮಾರ್, 1974ರ ‘ಸಂಪತ್ತಿಗೆ ಸವಾಲ್’ವರೆಗೆ ಬಹುಪಾಲು ಬೇರೆಯವರ ದನಿಗೆ ತುಟಿ ಕೂಡಿಸಬೇಕಾಯಿತು. ಇದು ನಿಜವಾದ ನಷ್ಟ. ಆದರೆ 1977ರಲ್ಲಿ ಇದೇ ಹುಣಸೂರರು ‘ಬಭ್ರುವಾಹನ’ ಮಾಡಿದಾಗ ಅರ್ಜುನನೂ ರಾಜಕುಮಾರ್, ಮಗನೂ ರಾಜಕುಮಾರ್. ತಂದೆ-ಮಗನ ವಾಗ್ಯುದ್ಧದ ಹಾಡಿಗೆ ಅಷ್ಟರಲ್ಲಾಗಲೇ ಗಾಯಕರೆನಿಸಿದ್ದ ರಾಜಕುಮಾರ್ ಜೊತೆ ಪಿ.ಬಿ. ಶ್ರೀನಿವಾಸ್ ಕೂಡ ಬೇಕಾದರು. ಎರಡೂ ಪಾತ್ರಕ್ಕೆ ರಾಜಕುಮಾರ್ ಒಬ್ಬರೇ ಹಾಡಿದ್ದರೆ ಆ ಜಗಳಕ್ಕೆ ಎದುರಾಳಿಯೇ ಇರುತ್ತಿರಲಿಲ್ಲ.