ಪ್ಲಾಟಿನಂ ಕ್ರಿಯಾವರ್ಧಕಕ್ಕೆ ಇಂಗಾಲದ ಆಧಾರ: ಬಾಳಿಕೆಯ ಅಳತೆಗೋಲುಗಳ ವಿಮರ್ಶೆ

1839ರಲ್ಲಿ ವಿಲಿಯಂ ಗ್ರೋವ್ ಜಲಜನಕ ಮತ್ತು ಆಮ್ಲಜನಕಗಳ ಸಂಯೋಗದಿಂದ ವಿದ್ಯುತ್ತನ್ನು ಪಡೆದಾಗ ಬಳಸಿದ್ದು ಪ್ಲಾಟಿನಂ ವಿದ್ಯುದ್ವಾರಗಳನ್ನು. ಪ್ರೋಟಾನ್ ವಿನಿಮಯ ಪೊರೆಯುಳ್ಳ ಇಂದಿನ ಇಂಧನಕೋಶದಲ್ಲಿಯೂ ಆ ಲೋಹದ ಸ್ಥಾನ ಅಬಾಧಿತವಾಗಿದೆ. ಬದಲಾಗಿರುವುದು ಅದರ ರೂಪ ಮಾತ್ರ. ಎರಡು ಮೂರು ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಅದು ಇಂಗಾಲದ ಪುಡಿಯ ಮೇಲೆ ಹರಡಿಕೊಂಡಿರುತ್ತದೆ. 1980ರ ದಶಕದಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ವಿಜ್ಞಾನಿಗಳು ಇಂತಹ ವಿದ್ಯುದ್ವಾರಕ್ಕೆ ಪ್ರೋಟಾನ್‌ವಾಹಕ ಪಾಲಿಮರನ್ನು ಸೇರಿಸಿ, ಚದರ ಸೆಂಟಿಮೀಟರಿಗೆ ಸುಮಾರು 4 ಮಿಲಿಗ್ರಾಂ ಇದ್ದ ಪ್ಲಾಟಿನಂ ಪ್ರಮಾಣವನ್ನು 0.4 ಮಿಲಿಗ್ರಾಂ ಆಸುಪಾಸಿಗೆ ಇಳಿಸಿದರು. ಈ ಮಿತವ್ಯಯದಲ್ಲಿ ಇಂಗಾಲದ ಪಾಲು ದೊಡ್ಡದು. ಆದರೂ ಸಂಶೋಧನ ಸಾಹಿತ್ಯವು ದೀರ್ಘಕಾಲ ಅದನ್ನು ಜಡಪೀಠವೆಂದೇ ಭಾವಿಸಿತು. ಬಾಳಿಕೆಯ ಚರ್ಚೆಯಲ್ಲಿ ಕಂಡುಬರುವ ಗೊಂದಲಗಳಿಗೆ ಈ ಗ್ರಹಿಕೆಯೇ ಮುಖ್ಯ ಕಾರಣ.

ಇಂಗಾಲವು ನೀರಿನೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಆಗುವ ಕ್ರಿಯೆಯ ಪ್ರಮಾಣಿತ ವಿಭವ 0.207 ವೋಲ್ಟ್. ಕ್ಯಾಥೋಡ್ ಸಾಮಾನ್ಯವಾಗಿ ದುಡಿಯುವುದು 0.6ರಿಂದ 0.95 ವೋಲ್ಟ್‌ಗಳ ನಡುವೆ. ಎಂದರೆ, ಉಷ್ಣಗತಿಶಾಸ್ತ್ರದ ದೃಷ್ಟಿಯಲ್ಲಿ ಆಧಾರವಸ್ತು ಸದಾ ಅಸ್ಥಿರ. ಕ್ರಿಯೆ ಅತಿನಿಧಾನವಾದುದರಿಂದ ಮಾತ್ರ ಅದು ಉಳಿದುಕೊಂಡಿದೆ. ಪ್ಲಾಟಿನಂ ಈ ಉತ್ಕರ್ಷಣವನ್ನೂ ಚುರುಕುಗೊಳಿಸುತ್ತದೆ. ತಾನು ನಿಂತ ನೆಲವನ್ನೇ ಅದು ಸವೆಸುತ್ತದೆ.

ಈ ನಿಧಾನಗತಿಯ ರಕ್ಷಣೆ ಎಲ್ಲಿ ಮುರಿಯುತ್ತದೆ ಎಂಬುದನ್ನು 2005ರಲ್ಲಿ ರೈಸರ್ ಮತ್ತು ಸಹೋದ್ಯೋಗಿಗಳು ವಿವರಿಸಿದರು. ನಿಂತಿದ್ದ ಕೋಶವನ್ನು ಚಾಲೂ ಮಾಡುವಾಗ ಆನೋಡಿನ ಒಂದು ಭಾಗದಲ್ಲಿ ಜಲಜನಕ, ಇನ್ನೊಂದು ಭಾಗದಲ್ಲಿ ಗಾಳಿ ಇರುತ್ತದೆ. ಗಾಳಿಯಿರುವ ಭಾಗಕ್ಕೆ ಎದುರಾದ ಕ್ಯಾಥೋಡಿನ ವಿಭವವು ಸುಮಾರು 1.5 ವೋಲ್ಟ್‌ವರೆಗೆ ಏರುತ್ತದೆ. ಆಗ ಇಂಗಾಲ ವೇಗವಾಗಿ ಕರಗುತ್ತದೆ, ಕಣಗಳು ಕಳಚಿಕೊಳ್ಳುತ್ತವೆ, ಪದರದ ರಂಧ್ರರಚನೆ ಕುಸಿಯುತ್ತದೆ.

ಇದಕ್ಕೆ ಸೂಚಿಸಲಾದ ಪರಿಹಾರಗಳಲ್ಲಿ ಪ್ರತಿಯೊಂದೂ ತನ್ನದೇ ವಿರೋಧಾಭಾಸವನ್ನು ಹೊತ್ತಿದೆ. ವಲ್ಕನ್ ಎಕ್ಸ್‌ಸಿ-72 ಇಂಗಾಲದ ಮೇಲ್ಮೈ ಗ್ರಾಂಗೆ ಸುಮಾರು 250 ಚದರ ಮೀಟರ್; ಕೆಟ್ಜೆನ್‌ಬ್ಲ್ಯಾಕ್‌ನದು ಸುಮಾರು 800. ಮೇಲ್ಮೈ ಹೆಚ್ಚಿದಷ್ಟೂ ಪ್ಲಾಟಿನಂ ಚೆನ್ನಾಗಿ ಹರಡುತ್ತದೆ. ಉತ್ಕರ್ಷಣಕ್ಕೂ ಅಷ್ಟೇ ಹೆಚ್ಚು ಆಸ್ಪದ ದೊರೆಯುತ್ತದೆ. 2000 ಡಿಗ್ರಿ ಸೆಲ್ಸಿಯಸ್ ಮೀರಿದ ತಾಪದಲ್ಲಿ ಸಂಸ್ಕರಿಸಿ ಗ್ರಾಫೈಟ್ ರಚನೆಯನ್ನು ಬೆಳೆಸಿದರೆ ಆಧಾರ ಗಟ್ಟಿಯಾಗುತ್ತದೆ, ಆದರೆ ಮೇಲ್ಮೈ ಕುಗ್ಗಿ ಕಣಗಳು ಒತ್ತೊತ್ತಾಗುತ್ತವೆ. ಇಂಗಾಲದ ನ್ಯಾನೋನಳಿಕೆಗಳ ನುಣುಪಾದ ಗೋಡೆಗೆ ಪ್ಲಾಟಿನಂ ಅಂಟುವುದಿಲ್ಲ. ಅಂಟಲೆಂದು ಆಮ್ಲದಿಂದ ಸಂಸ್ಕರಿಸಿದರೆ ಉಂಟಾಗುವ ದೋಷಗಳಿಂದಲೇ ಸವೆತ ಆರಂಭವಾಗುತ್ತದೆ. ಗ್ರಾಫೀನ್ ಹಾಳೆಗಳು ಒಂದರ ಮೇಲೊಂದು ಕುಳಿತು ಆಮ್ಲಜನಕದ ದಾರಿಯನ್ನು ಮುಚ್ಚುತ್ತವೆ. ಹೊಸ ವಸ್ತುವಿನ ಗುಣವನ್ನು ಎತ್ತಿಹಿಡಿಯುವ ಬರಹಗಳು ಈ ಕೊಡುಕೊಳ್ಳುವಿಕೆಯನ್ನು ಅದೇ ಒತ್ತಿನಿಂದ ಹೇಳುವುದು ವಿರಳ.

ಅಳತೆಯ ಪ್ರಶ್ನೆ ಇನ್ನೂ ಗಂಭೀರವಾದುದು. ಬಹುಪಾಲು ಹೋಲಿಕೆಗಳು ದುರ್ಬಲ ಪರ್ಕ್ಲೋರಿಕ್ ಆಮ್ಲದಲ್ಲಿ, ಕೊಠಡಿಯ ತಾಪದಲ್ಲಿ, ತಿರುಗುವ ವಿದ್ಯುದ್ವಾರದ ಮೇಲೆ ನಡೆಯುತ್ತವೆ. ವಾಹನದ ಕೋಶ ಕೆಲಸಮಾಡುವುದು ಸುಮಾರು 80 ಡಿಗ್ರಿಯಲ್ಲಿ, ಪಾಲಿಮರ್ ಹೊದಿಕೆಯೊಳಗೆ, ಏರಿಳಿಯುವ ತೇವಾಂಶದಲ್ಲಿ. ಅಮೆರಿಕದ ಇಂಧನ ಇಲಾಖೆಯ ವಿಧಾನದಲ್ಲಿ ಆಧಾರವಸ್ತುವಿಗೆ 1.0ರಿಂದ 1.5 ವೋಲ್ಟ್‌ಗಳ ನಡುವೆ 5,000 ಆವರ್ತಗಳು, ಪ್ಲಾಟಿನಂಗೆ 0.6ರಿಂದ 0.95 ವೋಲ್ಟ್‌ಗಳ ನಡುವೆ 30,000 ಆವರ್ತಗಳು. ಎರಡನೆಯದರಲ್ಲಿ ಗೆದ್ದ ವಸ್ತುವನ್ನು ‘ಬಾಳಿಕೆಯುಳ್ಳದ್ದು’ ಎಂದು ಸಾರುವುದು ಅರ್ಧಸತ್ಯ. ಆಧಾರದ ಪರೀಕ್ಷೆ ಅಲ್ಲಿ ನಡೆದೇ ಇರುವುದಿಲ್ಲ. ಸಕ್ರಿಯ ಮೇಲ್ಮೈಯ ನಷ್ಟವನ್ನಷ್ಟೇ ಲೆಕ್ಕಹಾಕಿದರೂ ಸಾಲದು. ಪದರ ಕುಸಿದು ನೀರು ಕಟ್ಟಿಕೊಂಡಾಗ ಆಗುವ ಹಾನಿ ಹೆಚ್ಚಿನ ವಿದ್ಯುತ್ಪ್ರವಾಹದಲ್ಲಿ ಮಾತ್ರ ಪ್ರಕಟವಾಗುತ್ತದೆ.

ಈಚಿನ ಬೆಳವಣಿಗೆಗಳಲ್ಲಿ ಮಧ್ಯಮ ರಂಧ್ರಗಳ ಇಂಗಾಲ ಮಹತ್ವದ್ದು. 2018ರಲ್ಲಿ ಜನರಲ್ ಮೋಟಾರ್ಸ್ ಸಂಶೋಧಕರು 4ರಿಂದ 7 ನ್ಯಾನೋಮೀಟರ್ ಬಾಯಿಯುಳ್ಳ ರಂಧ್ರಗಳು ಅನುಕೂಲಕರವೆಂದು ತೋರಿಸಿದರು. ಅಂತಹ ರಂಧ್ರದೊಳಗಿನ ಪ್ಲಾಟಿನಂ ಪಾಲಿಮರಿನ ಸಲ್ಫೋನೇಟ್ ಗುಂಪುಗಳ ಅಡ್ಡಿಯಿಂದ ಪಾರಾಗುತ್ತದೆ. ಆಮ್ಲಜನಕವೂ ಅದನ್ನು ತಲುಪಬಲ್ಲದು. 2020ರಲ್ಲಿ ಬಂದ ಟೊಯೋಟಾ ಮಿರಾಯ್‌ನ ಎರಡನೆಯ ಪೀಳಿಗೆಯಲ್ಲಿ ಇಂತಹ ಇಂಗಾಲವೇ ಬಳಕೆಯಾಯಿತು. ಆದರೆ ಇಲ್ಲಿಯೂ ಎಚ್ಚರ ಅಗತ್ಯ. ಹೆಚ್ಚು ಮೇಲ್ಮೈಯ ಇಂಗಾಲ ವಾಹನದಲ್ಲಿ ಉಳಿಯುವುದಕ್ಕೆ ವಿಭವಕ್ಕೆ ಮಿತಿ ಹಾಕುವ, ಚಾಲನೆ ಮತ್ತು ನಿಲುಗಡೆಗಳನ್ನು ನಿಯಂತ್ರಿಸುವ ವ್ಯವಸ್ಥೆಯೂ ಕಾರಣ. ನಿಯಂತ್ರಣದ ಯಶಸ್ಸನ್ನು ವಸ್ತುವಿನ ಖಾತೆಗೆ ಜಮಾ ಮಾಡುವುದು ವೈಜ್ಞಾನಿಕ ಲೆಕ್ಕವಲ್ಲ.

ಕಾರುಗಳಿಗೆ ಅಮೆರಿಕ ಇರಿಸಿಕೊಂಡ ಅಂತಿಮ ಗುರಿ 8,000 ಗಂಟೆಗಳಾಗಿದ್ದರೆ, ಭಾರಿ ಸರಕುವಾಹನಗಳಿಗೆ 2030ರ ಗುರಿ 25,000 ಗಂಟೆಗಳು. ಇಷ್ಟು ದೀರ್ಘ ದುಡಿಮೆಯಲ್ಲಿ ಆರಂಭದ ದಿನದ ಚಟುವಟಿಕೆಗಿಂತ ಕೊನೆಯ ದಿನದ ಸಾಮರ್ಥ್ಯವೇ ನಿರ್ಣಾಯಕ. ಆದ್ದರಿಂದ ಆಧಾರ ಮತ್ತು ಲೋಹ ಎರಡರ ಪರೀಕ್ಷೆಯನ್ನೂ ಪೂರ್ಣಕೋಶದಲ್ಲಿ ನಡೆಸಿ, ಸವೆತದ ನಂತರದ ಪದರದ ದಪ್ಪವನ್ನೂ ಹೆಚ್ಚಿನ ಪ್ರವಾಹದಲ್ಲಿನ ವೋಲ್ಟೇಜನ್ನೂ ಒಟ್ಟಿಗೆ ವರದಿಮಾಡುವ ಶಿಸ್ತು ರೂಢಿಗೆ ಬರಬೇಕು. ಹೊಸ ಇಂಗಾಲಗಳ ಪಟ್ಟಿ ಬೆಳೆಯುವುದಕ್ಕಿಂತ ಈ ಶಿಸ್ತು ಬೆಳೆಯುವುದು ಹೆಚ್ಚು ಅಗತ್ಯ.